ಪಾದ ತೊಳೆಸಿಕೊಳ್ಳುವ ಕಷ್ಟ

ಪವಿತ್ರ ಗುರುವಾರದ ಸಂಜೆ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಇಗರ್ಜಿಗಳಲ್ಲಿ ಹನ್ನೆರಡು ಮಂದಿಯನ್ನು ಸಾಲಾಗಿ ಕುಳ್ಳಿರಿಸಿ ಗುರುಗಳು ಅವರ ಪಾದ ತೊಳೆಯುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಹಾಗೆ ಕುಳಿತವರ ಮುಖವನ್ನು ಗಮನಿಸಿದವರು ಮಾತ್ರ ಕಡಿಮೆ. ಹೆಚ್ಚಿನವರು ಮನೆಯಲ್ಲಿಯೇ ಕಾಲನ್ನು ಸಾಬೂನು ಹಚ್ಚಿ ತಿಕ್ಕಿ ತೊಳೆದುಕೊಂಡು ಬಂದಿರುತ್ತಾರೆ. ತೋಟದ ಮಣ್ಣು ಹಿಡಿದ, ಹಿಮ್ಮಡಿ ಬಿರಿದ ಕಾಲನ್ನು ಗುರುಗಳ ಕೈಗೆ ಒಡ್ಡುವುದು ಹೇಗೆಂಬ ಸಂಕೋಚ ಅವರದು. ಈ ಸಂಕೋಚ ವಿನಯವೋ, ಅಹಂಕಾರದ್ದೇ ಇನ್ನೊಂದು ಮುಖವೋ ಎಂಬ ಪ್ರಶ್ನೆ ನಮ್ಮನ್ನು ಬಹಳ ಕಾಲದಿಂದ ಕಾಡಿದೆ.

ನಮ್ಮ ಊರಿನ ಹಳೆಯ ಮನೆಗಳಲ್ಲಿ ನೆಂಟರು ಬಂದರೆ ಅಂಗಳದ ಬದಿಯಲ್ಲಿ ಚೆಂಬಿನಲ್ಲಿ ನೀರು ಇಡುತ್ತಾರೆ. ಕಾಲು ತೊಳೆದು ಜಗಲಿಗೆ ಬಂದವರಿಗೆ ಬೆಲ್ಲ ನೀರು ಕೊಡುತ್ತಾರೆ. ಯೇಸುಸ್ವಾಮಿಯ ಕಾಲದ ಪಾಲೆಸ್ತೀನದಲ್ಲಿಯೂ ಧೂಳಿನ ದಾರಿ, ತೆರೆದ ಚಪ್ಪಲಿ. ಅತಿಥಿಗೆ ನೀರು ಕೊಡುವುದು ಮನೆಯವರ ಮರ್ಯಾದೆ. ಆದರೆ ಇನ್ನೊಬ್ಬರ ಕಾಲು ಹಿಡಿದು ತೊಳೆಯುವುದು ಗುಲಾಮನ ಕೆಲಸ. ಅದನ್ನು ಯೆಹೂದ್ಯನಾದ ಗುಲಾಮನಿಂದಲೂ ಮಾಡಿಸಬಾರದೆಂದು ಆ ಜನರ ಪ್ರಾಚೀನ ಶಾಸ್ತ್ರ ವ್ಯಾಖ್ಯಾನದಲ್ಲಿಯೇ ಇದೆ. ಅಷ್ಟು ಕೀಳೆಂದು ಎಣಿಸಿದ್ದ ಕೆಲಸಕ್ಕೆ ಗುರುವೇ ಮೇಲಂಗಿಯನ್ನು ತೆಗೆದಿಟ್ಟು, ನಡುವಿಗೆ ವಸ್ತ್ರ ಸುತ್ತಿಕೊಂಡು ಊಟದ ನಡುವೆ ಎದ್ದರೆಂದು ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ ಹೇಳುತ್ತದೆ. ಅದೇ ಭೋಜನದ ಹೊತ್ತಿನಲ್ಲಿ ಶಿಷ್ಯರ ನಡುವೆ ತಮ್ಮಲ್ಲಿ ಯಾರು ದೊಡ್ಡವರೆಂಬ ಚರ್ಚೆ ಹುಟ್ಟಿತ್ತೆಂದು ಲೂಕನು ಬರೆದಿದ್ದಾನೆ. ಸಭೆಯ ಮುಂದಿನ ಸಾಲಿನ ಕುರ್ಚಿಗಾಗಿ ನಡೆಯುವ ಜಗಳ ಇಂದಿನದಲ್ಲ!

ಇಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಪೇತ್ರನ ನಡತೆ. ತನ್ನ ಕಾಲನ್ನು ಗುರು ಎಂದಿಗೂ ತೊಳೆಯಕೂಡದೆಂದು ಆತ ಹಟ ಹಿಡಿದ. ಕೇಳುವವರಿಗೆ ಇದು ವಿನಯವೆನಿಸುತ್ತದೆ. ಆದರೆ ತೊಳೆಯಗೊಡದಿದ್ದರೆ ತನ್ನೊಡನೆ ಪಾಲೇ ಇಲ್ಲವೆಂದು ಯೇಸು ಖಂಡಿತವಾಗಿ ಹೇಳಿದರು. ಕೂಡಲೇ ಪೇತ್ರ ಕೈ, ತಲೆಗಳನ್ನೂ ತೊಳೆಯಬೇಕೆಂದು ಕೇಳಿಕೊಂಡ. ಬೇಡವೆಂದರೆ ಪೂರಾ ಬೇಡ, ಬೇಕೆಂದರೆ ಎಲ್ಲರಿಗಿಂತ ಹೆಚ್ಚು ಬೇಕು! ತನಗೆ ಎಷ್ಟು ಬೇಕೆಂಬುದನ್ನು ತಾನೇ ನಿಶ್ಚಯಿಸಬೇಕೆಂಬ ಈ ಹಂಬಲವನ್ನು ಅಹಂಕಾರವೆನ್ನದೆ ಬೇರೇನೆನ್ನೋಣ? ಅದೇ ಸಾಲಿನಲ್ಲಿ ಗುರುವನ್ನು ಹಿಡಿದುಕೊಡಲು ಹೊರಟಿದ್ದ ಯೂದನೂ ಇದ್ದ. ಆತನ ಕಾಲುಗಳನ್ನು ಯೇಸು ಬಿಟ್ಟು ಮುಂದೆ ಹೋದರೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ.

ಮುಂದೆ ಈ ಸೇವೆ ಆಚಾರವಾಯಿತು. ಆರನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ವಿನಯಕ್ಕೆ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸಿ, ವಾರದ ಅಡುಗೆಯ ಸರದಿ ಮುಗಿಸಿದವರು ಎಲ್ಲ ಸನ್ಯಾಸಿಗಳ ಕಾಲು ತೊಳೆಯಬೇಕೆಂದೂ ವಿಧಿಸಿದರು. ಉಪದೇಶವನ್ನು ಅಡುಗೆಮನೆಗೆ ಇಳಿಸಿದ ಈ ಜಾಣತನ ನಮಗೆ ಮೆಚ್ಚುಗೆ. ಇಂಗ್ಲೆಂಡಿನ ಅರಮನೆಯಲ್ಲಿ ಅದು ಬೇರೆ ರೂಪ ತಾಳಿತು. ಮೊದಲನೇ ಎಲಿಜಬೆತ್ ರಾಣಿಗೆ 39 ವರ್ಷ ನಡೆಯುತ್ತಿದ್ದಾಗ ಗ್ರೀನಿಚ್ ಅರಮನೆಯಲ್ಲಿ 39 ಬಡ ಹೆಂಗಸರ ಪಾದ ತೊಳೆಯುವ ಸಮಾರಂಭ ನಡೆಯಿತು. ರಾಣಿ ಮುಟ್ಟುವ ಮೊದಲೇ ಆ ಪಾದಗಳನ್ನು ಬಟ್ಟೆ ಒಗೆಯುವ ಊಳಿಗದವರು ಒಮ್ಮೆ, ದಾನಾಧಿಕಾರಿಯ ಸಹಾಯಕ ಇನ್ನೊಮ್ಮೆ, ದಾನಾಧಿಕಾರಿ ಮತ್ತೊಮ್ಮೆ ತೊಳೆದಿದ್ದರು. ನಾಲ್ಕನೆಯ ಸಲ ತೊಳೆಯಲು ರಾಣಿಗೆ ಕೊಳೆ ಏನು ಉಳಿದಿತ್ತೋ ದೇವರೇ ಬಲ್ಲ.

ಪೋಪ್ ಫ್ರಾನ್ಸಿಸ್ 2013ರಲ್ಲಿ ಪೀಠವೇರಿದ ಕೆಲವೇ ದಿನಗಳಲ್ಲಿ ಈ ಆಚರಣೆಯನ್ನು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಕೊಂಡೊಯ್ದರು. ಅಂದು ಅವರು ಪಾದ ತೊಳೆದ ಹನ್ನೆರಡು ಮಂದಿಯಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸಲ್ಮಾನರೂ ಇದ್ದರು. ಹೆಂಗಸರ ಪಾದ ತೊಳೆಯಲು ಆಗ ಇಗರ್ಜಿಯ ವಿಧಿಯಲ್ಲಿ ಅವಕಾಶವಿರಲಿಲ್ಲ. 2016ರಲ್ಲಿ ವಿಧಿಯನ್ನೇ ತಿದ್ದಲಾಯಿತು. 2019ರ ಏಪ್ರಿಲ್‌ನಲ್ಲಿ ದಕ್ಷಿಣ ಸುಡಾನಿನ ನಾಯಕರು ತಮ್ಮೊಳಗೆ ಶಾಂತಿ ಕಾಯ್ದುಕೊಳ್ಳಲೆಂದು ಬೇಡಿ, ಎಂಬತ್ತೆರಡರ ಆ ವೃದ್ಧರು ನೆಲಕ್ಕೆ ಬಾಗಿ ಅವರ ಪಾದರಕ್ಷೆಗಳಿಗೆ ಮುತ್ತಿಟ್ಟರು.

ನಮ್ಮ ಮನಸ್ಸನ್ನು ಇದಕ್ಕಿಂತಲೂ ಹೆಚ್ಚು ತಟ್ಟಿದ್ದು ಅವರ ಕೊನೆಯ ವರ್ಷಗಳು. ಮಂಡಿ ಸೋತು ಗಾಲಿಕುರ್ಚಿ ಹಿಡಿದ ಅವರು 2024ರಲ್ಲಿ ರೆಬಿಬ್ಬಿಯಾ ಮಹಿಳಾ ಸೆರೆಮನೆಗೆ ಹೋದಾಗ ಹನ್ನೆರಡು ಮಂದಿ ಕೈದಿಗಳನ್ನು ಎತ್ತರದಲ್ಲಿ ಕುಳ್ಳಿರಿಸಬೇಕಾಯಿತು. ಬಾಗಲಾರದ ಜಗದ್ಗುರುವನ್ನು ಇತರರು ಒಬ್ಬೊಬ್ಬರ ಮುಂದೆ ತಳ್ಳಿಕೊಂಡು ಹೋಗಬೇಕಾಯಿತು. 2025ರ ಪವಿತ್ರ ಗುರುವಾರ ರೆಜಿನಾ ಚೇಲಿ ಸೆರೆಮನೆಗೆ ಹೋದರು. ಈ ಸಲ ಪಾದ ತೊಳೆಯಲಾರೆನೆಂದು ಕೈದಿಗಳ ಮುಂದೆಯೇ ಹೇಳಿಕೊಂಡರು. ನಾಲ್ಕು ದಿನಗಳಲ್ಲಿ ತೀರಿಕೊಂಡರು. ಸೇವೆ ಮಾಡುವುದಕ್ಕಿಂತ ‘ನನ್ನಿಂದಾಗದು’ ಎನ್ನುವುದು ಎಷ್ಟು ಕಠಿಣವೆಂದು ಮನೆಯಲ್ಲಿ ವಯಸ್ಸಾದವರಿರುವ ಎಲ್ಲರಿಗೂ ಗೊತ್ತು.

ದೊಡ್ಡವರ ವಿಷಯ ಬರೆಯುವಾಗ ನಮ್ಮ ಲೇಖನಿ ಸರಾಗವಾಗಿ ಓಡುತ್ತದೆ. ನಮ್ಮದೇ ಸಂಗತಿಯೊಂದನ್ನು ಹೇಳದೆ ಬಿಟ್ಟರೆ ಅದು ನ್ಯಾಯವಲ್ಲ. ಎಂಟನೇ ತರಗತಿಯಲ್ಲಿ ಒಮ್ಮೆ ಕನ್ನಡ ಪತ್ರಿಕೆಗಳ ವಿಚಾರ ಹೇಳುತ್ತ, ಮೋಗ್ಲಿಂಗ್ ಪಾದ್ರಿಯವರ ‘ಮಂಗಳೂರ ಸಮಾಚಾರ’ ಹೊರಟದ್ದು 1834ರಲ್ಲಿ ಎಂದು ಕರಿಹಲಗೆಯಲ್ಲಿ ಬರೆದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 1843 ಅಲ್ಲವೇ ಸಾರ್ ಎಂದಳು. ಕುಳಿತುಕೋ ಎಂದು ಗದರಿಸಿದೆವು. ಅಂದು ರಾತ್ರಿ ಪುಸ್ತಕ ತೆರೆದು ನೋಡಿದರೆ ಅವಳು ಹೇಳಿದ್ದೇ ಸರಿ. ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕೆಂದು ಸಭೆ ಸಭೆಗಳಲ್ಲಿ ಭಾಷಣ ಮಾಡುವ ನಮಗೆ ಕನ್ನಡದ ಮೊದಲ ಪತ್ರಿಕೆಯ ಇಸವಿಯೇ ತಪ್ಪಿತ್ತು! ಅದನ್ನು ತರಗತಿಯಲ್ಲಿ ಒಪ್ಪಿಕೊಳ್ಳಲು ನಮಗೆ ಮೂರು ದಿನ ಬೇಕಾದುವು. ಎರಡು ದಿನ ಬೇರೆ ಪಾಠ ಮಾಡಿ ತಪ್ಪಿಸಿಕೊಂಡೆವು.

ನಾಲ್ಕನೆಯ ದಿನ ಹೇಳಿಯೇ ಬಿಟ್ಟೆವು. ಮಕ್ಕಳು ನಗುವರೆಂದು ಹೆದರಿದ್ದೆವು, ಯಾರೂ ನಗಲಿಲ್ಲ. ಆ ಹುಡುಗಿ ಮಾತ್ರ ಎದ್ದು ನಿಂತು, ‘ಪರವಾಗಿಲ್ಲ ಸಾರ್, ನನಗೂ ಒಮ್ಮೊಮ್ಮೆ ಅಂಕಿ ಹಿಂದುಮುಂದಾಗುತ್ತದೆ’ ಎಂದು ಸಮಾಧಾನ ಹೇಳಿದಳು. ತಪ್ಪು ಒಪ್ಪಿಕೊಂಡಾಗ ಆಗದ ಕಷ್ಟ ಆಗ ಆಯಿತು. ಹದಿಮೂರು ವರ್ಷದ ಮಗುವಿನಿಂದ ನಮಗೆ ಕ್ಷಮೆಯೇ? ನಮ್ಮದು ಕೇವಲ ಕೈತಪ್ಪು, ಅಂದು ತಲೆನೋವಿತ್ತು ಎಂದೆಲ್ಲ ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆವು. ಸೀಮೆಸುಣ್ಣದ ತುಂಡನ್ನು ಅವಳ ಕೈಗೆ ಕೊಟ್ಟು, ನೀನೇ ಬರೆಯಮ್ಮಾ ಎಂದು ಹಲಗೆಯ ಬದಿಗೆ ಸರಿದು ನಿಂತೆವು.