ಆದೋನಿಯಿಂದ ಅರಬ್ಬಿ ಕಡಲಿಗೆ: ಹಿರಿಯರೊಡನೆ ಒಂದು ರೈಲುಯಾತ್ರೆ

ಆದೋನಿ, ಆಲೂರು, ಪತ್ತಿಕೊಂಡ ಕಡೆಯ ಮನೆಗಳಲ್ಲಿ ಒಂದು ಮಾತು ವರ್ಷ ವರ್ಷವೂ ಕೇಳಿಬರುತ್ತದೆ: “ಈ ಸಲ ಹತ್ತಿ ಮಾರಿದ ಮೇಲೆ ಅವ್ವನನ್ನು ಕರಕೊಂಡು ಬಾಹುಬಲಿ ಸ್ವಾಮಿ ದರ್ಶನ ಮಾಡಿಸಿ ಬರೋಣ.” ಹತ್ತಿ ಮಾರಿಯಾಗುತ್ತದೆ, ಶೇಂಗಾ ಮಾರಿಯಾಗುತ್ತದೆ. ಅಂಗಡಿಯ ಕೆಲಸ, ಮಕ್ಕಳ ಪರೀಕ್ಷೆ, ನೆಂಟರ ಮದುವೆ ಒಂದರ ಹಿಂದೆ ಒಂದು ಬರುತ್ತವೆ. ಯಾತ್ರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ಮುಂದಿನ ವರ್ಷಕ್ಕೆ ಅವ್ವನ ಮೊಣಕಾಲು ಇನ್ನಷ್ಟು ನೊಂದಿರುತ್ತದೆ.

ಬೆಂಗಳೂರಿನಿಂದ ಮಂಗಳೂರಿಗೆ ಹಗಲು ಹೊತ್ತಿನಲ್ಲಿ ಹೋಗುವ ರೈಲು ಇರುವಾಗ ಈ ಯಾತ್ರೆಯನ್ನು ಮುಂದಕ್ಕೆ ಹಾಕಲು ಕಾರಣವಿಲ್ಲ. ರಾಜಧಾನಿಯಿಂದ ಕಡಲೂರಿಗೆ ಹೋಗುವ ಈ ದಾರಿ ನಮ್ಮ ತೀರ್ಥಕ್ಷೇತ್ರಗಳ ದಾರಿಯೂ ಹೌದು. ಆ ದಾರಿಯ ಪರಿಚಯವನ್ನೂ, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಹಳೆಯ ನಂಟು

ಆದೋನಿಗೂ ಮಂಗಳೂರಿಗೂ ಏನು ಸಂಬಂಧ ಎಂದು ಇಂದಿನ ಮಕ್ಕಳು ಕೇಳಬಹುದು. ಒಂದು ಕಾಲದಲ್ಲಿ ಎರಡೂ ಮದರಾಸು ಪ್ರಾಂತ್ಯದ ಊರುಗಳು. ಆದೋನಿ ಬಳ್ಳಾರಿ ಜಿಲ್ಲೆಯ ತಾಲೂಕು, ಮಂಗಳೂರು ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ದಕ್ಷಿಣ ಕನ್ನಡವೂ ಮೈಸೂರಿಗೆ ಬಂತು. ಹೀಗೆ ಒಂದೇ ಪ್ರಾಂತ್ಯದ ಎರಡು ಕನ್ನಡ ಸೀಮೆಗಳು ಬೇರೆ ಬೇರೆ ರಾಜ್ಯಗಳ ಪಾಲಾದವು.

ರೈಲಿನ ಕಥೆಯೂ ಹೀಗೆಯೇ. ಮದರಾಸಿನಿಂದ ಹೊರಟ ಹಳಿ ಆದೋನಿಯನ್ನು ದಾಟಿ ರಾಯಚೂರು ಮುಟ್ಟಿ, ಮುಂಬಯಿ ಕಡೆಯಿಂದ ಬಂದ ಹಳಿಯನ್ನು 1871ರಲ್ಲಿ ಕೂಡಿಕೊಂಡಿತು. ಅರಕ್ಕೋಣಂನಲ್ಲಿ ಕವಲೊಡೆದ ಇನ್ನೊಂದು ಹಳಿ ಮಲೆಯಾಳ ಸೀಮೆಯನ್ನು ಹಾಯ್ದು 1907ರಲ್ಲಿ ಮಂಗಳೂರನ್ನು ತಲುಪಿತು. ಆಗ ಆದೋನಿಯವರು ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಗುಂತಕಲ್ಲು, ರೇಣಿಗುಂಟ, ಅರಕ್ಕೋಣಂ, ಜೋಲಾರಪೇಟೆ, ಷೊರನೂರು ಎಂದು ದಕ್ಷಿಣ ದೇಶವನ್ನೆಲ್ಲ ಸುತ್ತಬೇಕಿತ್ತು. ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಅದು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಬಹಳ ಮಂದಿ ಮೂಡಬಿದಿರೆಯ ಹೆಸರು ಕೇಳಿದ್ದರೇ ಹೊರತು ಅದನ್ನು ಕಂಡವರಲ್ಲ ಎಂಬುದರಲ್ಲಿ ಅಚ್ಚರಿಯಿಲ್ಲ.

ಇಂದು ಆದೋನಿಯಿಂದ ಗುಂತಕಲ್ಲು, ಅನಂತಪುರ, ಧರ್ಮಾವರ, ಹಿಂದೂಪುರದ ಮೇಲೆ ಬೆಂಗಳೂರಿಗೆ ನೇರ ಗಾಡಿಗಳಿವೆ. ಮುಂಬಯಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಅವುಗಳಲ್ಲಿ ಒಂದು. ಬೆಂಗಳೂರಿನಿಂದ ಮುಂದಕ್ಕೆ ಕುಣಿಗಲ್, ಶ್ರವಣಬೆಳಗೊಳ, ಹಾಸನ, ಸಕಲೇಶಪುರದ ಮೇಲೆ ಮಂಗಳೂರು. ಒಟ್ಟು ಸುಮಾರು 700 ಕಿಲೋಮೀಟರ್.

ಹನ್ನೊಂದು ವರ್ಷ ಮುಚ್ಚಿದ ದಾರಿ

ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ಹಳಿ 1979ರಲ್ಲಿ ತೆರೆಯಿತು. ಅದು ಮೀಟರ್ ಗೇಜ್. ಅದನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಘಟ್ಟದ ಭಾಗವನ್ನು ಮುಚ್ಚಿದರು. ಸರಕು ಗಾಡಿಗಳು 2006ರಲ್ಲಿ ಓಡಾಡತೊಡಗಿದವು. ಪ್ರಯಾಣಿಕರ ಗಾಡಿ ಮತ್ತೆ ಹೊರಟಿದ್ದು 2007ರ ಡಿಸೆಂಬರ್ 8ರಂದು. ಹನ್ನೊಂದು ವರ್ಷಗಳ ಅಂತರ!

ಈ ಹನ್ನೊಂದು ವರ್ಷಗಳ ಲೆಕ್ಕವನ್ನು ಒಂದು ಮನೆಗೆ ಅನ್ವಯಿಸಿ ನೋಡಿರಿ. “ಹಳಿ ರೆಡಿಯಾಗಲಿ, ಆಮೇಲೆ ಆರಾಮಾಗಿ ಹೋಗೋಣ” ಎಂದು 1996ರಲ್ಲಿ ಕಾದು ಕುಳಿತ 65 ವರ್ಷದ ತಾಯಿಗೆ ಹಳಿ ತೆರೆದಾಗ 76 ತುಂಬಿತ್ತು. ಬಸ್ಸಿನ ದಾರಿ ಇತ್ತು, ನಿಜ. ಆದರೆ ಶಿರಾಡಿ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕೂಡಲಾರದ ವಯಸ್ಸಾದವರಿಗೆ ರೈಲೇ ದಾರಿ. ದಾರಿ ಸಿದ್ಧವಾಗುವಷ್ಟರಲ್ಲಿ ದೇಹ ಸಿದ್ಧವಿರುವುದಿಲ್ಲ.

ಬೆಂಗಳೂರಿನಿಂದ ಕುಣಿಗಲ್ ಮೇಲೆ ಶ್ರವಣಬೆಳಗೊಳಕ್ಕೆ ನೇರ ಹಳಿಯೂ 2017ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಅರಸೀಕೆರೆಯ ಮೇಲೆ ಸುತ್ತಿ ಹಾಸನಕ್ಕೆ ಹೋಗಬೇಕಿತ್ತು. ಮರುವರ್ಷ, 2018ರ ಫೆಬ್ರವರಿಯಲ್ಲಿ, ಗೊಮ್ಮಟೇಶ್ವರನ ಮಹಾಮಸ್ತಕಾಭಿಷೇಕ ನಡೆಯಿತು. ಯಶವಂತಪುರದಿಂದ ಮಂಗಳೂರು ಜಂಕ್ಷನ್ನಿಗೆ ಹೋಗುವ ಹಗಲು ಗಾಡಿಗೆ ಗೊಮ್ಮಟೇಶ್ವರ ಎಕ್ಸ್‌ಪ್ರೆಸ್ ಎಂದೇ ಹೆಸರು.

ಘಟ್ಟ ಇಳಿಯುವಾಗ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ 55 ಕಿಲೋಮೀಟರ್. ಈ ಅಂತರದಲ್ಲಿ 57 ಸುರಂಗಗಳು, ನೂರಕ್ಕೂ ಮೀರಿದ ಸೇತುವೆಗಳು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಸಕಲೇಶಪುರದಿಂದ ಗಾಡಿ ಕರಾವಳಿಯ ಮಟ್ಟಕ್ಕೆ ಇಳಿಯಬೇಕು. ಇಳಿಜಾರು ಐವತ್ತಕ್ಕೆ ಒಂದು. ಅಂದರೆ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಕ್ಕೆ. ಕೇಳಲು ಇದು ಅಲ್ಪವೆನಿಸಬಹುದು. ಭಾರವಾದ ರೈಲಿಗೆ ಇದು ಬಹಳ ಕಡಿದು. ಆದ್ದರಿಂದ ಗಾಡಿ ಗಂಟೆಗೆ ಮೂವತ್ತು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ಬ್ರೇಕು ಹಿಡಿದುಕೊಂಡೇ ಇಳಿಯುತ್ತದೆ. ಮಂಗಳೂರಿನಿಂದ ಬರುವಾಗ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಕಟ್ಟುತ್ತಾರೆ.

ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳು ಕಾಡಿನ ನಡುವೆ ಬರುತ್ತವೆ. ಒಂದು ಸುರಂಗದ ಕತ್ತಲೆಯಿಂದ ಹೊರಬಂದು ಕಣ್ಣು ಹೊಂದಿಕೊಳ್ಳುವ ಮೊದಲೇ ಇನ್ನೊಂದು ಸುರಂಗ. ನಡುವೆ ಕಣಿವೆ, ಹಳ್ಳ, ಕಲ್ಲಿನ ಮೇಲಿಂದ ಬೀಳುವ ನೀರು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ 3,500ಕ್ಕೂ ಮೇಲೆ. ಎರೆ ಹೊಲ, ಬೋಳುಗುಡ್ಡಗಳನ್ನೇ ಕಂಡ ನಮ್ಮ ಮಕ್ಕಳಿಗೆ ಇಷ್ಟು ಹಸಿರು ಒಟ್ಟಿಗೆ ಇರಬಹುದೆಂಬುದೇ ಹೊಸ ಸಂಗತಿ. ರಾತ್ರಿ ಗಾಡಿಯಲ್ಲಿ ಮಲಗಿ ಹೋದರೆ ಇದೊಂದೂ ಕಾಣದು. 2021ರ ಜುಲೈನಲ್ಲಿ ಈ ದಾರಿಯ ಹಗಲು ಗಾಡಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯನ್ನೂ ಜೋಡಿಸಿದರು. ಅದರ ದರ ಹೆಚ್ಚು. ಸಾಧಾರಣ ಬೋಗಿಯ ಕಿಟಕಿಯಲ್ಲೂ ಅದೇ ಕಾಡು ಕಾಣುತ್ತದೆ.

ಮಳೆಗಾಲದಲ್ಲಿ ಮಾತ್ರ ಎಚ್ಚರ. 2018ರ ಆಗಸ್ಟಿನಲ್ಲಿಯೂ 2024ರ ಜುಲೈ ಕೊನೆಯಲ್ಲಿಯೂ ಗುಡ್ಡ ಕುಸಿದು ಗಾಡಿಗಳು ಹಲವು ದಿನ ನಿಂತಿದ್ದವು. ಚಾತುರ್ಮಾಸ ಕಳೆದ ಮೇಲೆ, ದೀಪಾವಳಿಯಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಆಗ ಕರಾವಳಿಯ ಸೆಕೆಯೂ ಕಡಿಮೆ.

ಆಹಾರದ ವ್ಯವಸ್ಥೆ

ನಮ್ಮ ಹಿರಿಯರು ಪ್ರಯಾಣಕ್ಕೆ ಹಿಂಜರಿಯಲು ಕಾಲುನೋವಿಗಿಂತ ಊಟದ ಚಿಂತೆಯೇ ದೊಡ್ಡ ಕಾರಣ. “ಸೂರ್ಯ ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಬೇಡ, ನೀರು ಸೋಸಿದ್ದೇ ಆಗಬೇಕು. ನನ್ನಿಂದ ನಿಮಗೆಲ್ಲ ತೊಂದರೆ” ಎಂದು ತಾವೇ ಹಿಂದೆ ಸರಿಯುತ್ತಾರೆ. ಹಗಲು ಗಾಡಿ ಈ ಚಿಂತೆಯನ್ನು ಬಹುಮಟ್ಟಿಗೆ ನೀಗುತ್ತದೆ. ಬೆಳಗ್ಗೆ ಹೊರಟ ಗಾಡಿ ಸಂಜೆಗೆ ಮಂಗಳೂರು ಸೇರುತ್ತದೆ. ಚಳಿಗಾಲದಲ್ಲಿ ಅಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತ. ಗಾಡಿ ತಡವಾಗುವುದೂ ಉಂಟಾದ್ದರಿಂದ ಸಂಜೆಯ ಊಟವನ್ನು ಗಾಡಿಯಲ್ಲೇ, ಬೆಳಕಿರುವಾಗಲೇ ಮುಗಿಸುವಂತೆ ಬುತ್ತಿ ಕಟ್ಟಿಕೊಳ್ಳಬೇಕು.

ನಮ್ಮ ಕಡೆಯ ಕಟಕಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳಿಗಿಂತ ಉತ್ತಮ ಬುತ್ತಿ ಬೇರೆ ಬೇಕೆ? ಒಗ್ಗರಣೆ ಮಂಡಾಳು, ಬೇಸನ್ ಉಂಡಿ, ಬಾಳೆಹಣ್ಣು ಜೊತೆಗಿರಲಿ. ಕಾಯಿಸಿ ಸೋಸಿದ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ತುಂಬಿಕೊಳ್ಳಿರಿ. ನೀರು ಸೋಸುವ ಬಟ್ಟೆಯನ್ನು ಮರೆಯಬೇಡಿರಿ. ಕ್ಷೇತ್ರಗಳಲ್ಲಿ ಉಳಿಯುವುದಾದರೆ ಎಷ್ಟು ಜನ, ಯಾವ ದಿನ ಎಂದು ಮೊದಲೇ ಫೋನಿನಲ್ಲಿ ತಿಳಿಸಿದರೆ ವಸತಿಗೂ ಊಟಕ್ಕೂ ಅನುಕೂಲ. ಜಿನದರ್ಶನವಾಗದೆ ಆಹಾರ ಮುಟ್ಟದವರಿದ್ದರೆ ಬೆಂಗಳೂರಿನಲ್ಲಿ ಬಸದಿಗೆ ಹತ್ತಿರವೇ ಇಳಿದುಕೊಳ್ಳಿರಿ.

ಏರಲಾರದವರಿಗೂ ಬಾಹುಬಲಿ

“ಬೆಟ್ಟ ಹತ್ತಲಾರೆ, ಹೋಗಿ ಏನು ಮಾಡಲಿ?” ಎಂಬುದು ಇನ್ನೊಂದು ಮಾತು. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳು, ಅದೂ ಬರಿಗಾಲಿನಲ್ಲಿ. ಡೋಲಿ ಸಿಗುತ್ತದೆ, ಆದರೆ ಕೆಲವರಿಗೆ ಡೋಲಿಯ ಭಯ, ಕೆಲವರಿಗೆ ಮನುಷ್ಯರ ಹೆಗಲೇರಲು ಮನಸ್ಸೊಪ್ಪದು.

ಅಂಥವರಿಗಾಗಿ ಕರಾವಳಿಯ ಕ್ಷೇತ್ರಗಳಿವೆ. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ಪ್ರತಿಷ್ಠಾಪಿಸಿದ 35 ಅಡಿಯ ಬಾಹುಬಲಿ ಫಲ್ಗುಣಿ ನದಿಯ ಬಳಿ ಬೆಟ್ಟವಿಲ್ಲದ ನೆಲದಲ್ಲೇ ನಿಂತಿದ್ದಾನೆ. ಊರುಗೋಲು ಹಿಡಿದವರೂ ಅವನ ಮುಂದೆ ನಿಲ್ಲಬಹುದು. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಸುಮಾರು 42 ಅಡಿಯ ಮೂರ್ತಿ ಬಂಡೆಗುಡ್ಡದ ಮೇಲಿದ್ದರೂ ವಾಹನದ ದಾರಿಯಿದೆ. ಧರ್ಮಸ್ಥಳದ ರತ್ನಗಿರಿಯ 39 ಅಡಿಯ ಬಾಹುಬಲಿಯದು 1982ರ ಪ್ರತಿಷ್ಠೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ, ಅಂದರೆ 1430ರ ತ್ರಿಭುವನ ತಿಲಕ ಚೂಡಾಮಣಿ ಚೈತ್ಯಾಲಯ, ಊರ ನಡುವೆಯೇ ಇದೆ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಕುಳಿತು ಹೋಗಬೇಕು. ಮಕ್ಕಳಿಗೂ ಮುದುಕರಿಗೂ ಒಂದೇ ಸಂತೋಷ.

ಮೂಡಬಿದಿರೆ ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್, ಕಾರ್ಕಳ ಸುಮಾರು 50. ಅಲ್ಲಿಗೆ ರೈಲಿಲ್ಲ, ಬಸ್ಸುಗಳು ಬೇಕಾದಷ್ಟಿವೆ. ಹಿರಿಯರಿದ್ದರೆ ಒಂದು ವಾಹನ ಗೊತ್ತು ಮಾಡಿಕೊಳ್ಳುವುದೇ ಲೇಸು.

ಯಾತ್ರೆಯ ಮೊದಲ ಮೆಟ್ಟಿಲು ನಮ್ಮಲ್ಲೇ

ಮೂಡಬಿದಿರೆ ಎಂದೊಡನೆ ಧವಲಾ ಗ್ರಂಥಗಳ ನೆನಪಾಗುತ್ತದೆ. ಷಟ್ಖಂಡಾಗಮಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಆ ವ್ಯಾಖ್ಯಾನದ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಶಾಸ್ತ್ರವನ್ನು ಕಾಪಾಡಿದ ಊರು ಅದು. ಇತ್ತ ನಮ್ಮ ಗುಂತಕಲ್ಲಿನ ಹತ್ತಿರವೇ ಕೊನಕೊಂಡ್ಲ ಎಂಬ ಹಳ್ಳಿಯಿದೆ. ಸಮಯಸಾರವನ್ನು ಕೊಟ್ಟ ಕುಂದಕುಂದಾಚಾರ್ಯರ ಊರಾದ ಕೊಂಡಕುಂದೆ ಇದೇ ಎಂದು ನಂಬಿಕೆ. ಅಲ್ಲಿಯ ಗುಡ್ಡದ ಮೇಲೆ ಜಿನಬಿಂಬಗಳಿವೆ. ಆಲೂರು ಸೀಮೆಯ ಚಿಪ್ಪಗಿರಿಯ ಗುಡ್ಡದ ಮೇಲೆಯೂ ಹಳೆಯ ಬಸದಿಯಿದೆ. ವಿಜಯದಾಸರ ಕಟ್ಟೆಗೆಂದು ಚಿಪ್ಪಗಿರಿಗೆ ಹೋಗುವ ಎಷ್ಟೋ ಜನಕ್ಕೆ ಅದರ ಪರಿವೆಯಿಲ್ಲ.

ಆದೋನಿಯಿಂದ ಹೊರಟ ಗಾಡಿ ಗುಂತಕಲ್ಲು ತಲುಪಲು ಒಂದು ಗಂಟೆ ಸಾಕು. ಅಲ್ಲಿ ಮಕ್ಕಳಿಗೆ ಹೇಳಿರಿ: ಆಚಾರ್ಯರ ಊರಿನ ಬಳಿಯಿಂದ ಶಾಸ್ತ್ರ ಉಳಿದ ಊರಿಗೆ ನಾವು ಹೋಗುತ್ತಿದ್ದೇವೆ ಎಂದು. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದಿ, ಮನೆಯಲ್ಲಿ ಮಾತ್ರ ಕನ್ನಡ ಆಡುವ ನಮ್ಮ ಮಕ್ಕಳಿಗೆ ಬಸದಿಯ ಶಾಸನಗಳಲ್ಲಿ, ಊರಿನ ಬೋರ್ಡುಗಳಲ್ಲಿ ಅಜ್ಜಿಯ ಮಾತಿನ ಅಕ್ಷರಗಳು ಕಾಣಸಿಗುತ್ತವೆ. ಅಜ್ಜಿ ಓದಿ ಹೇಳಿದರೆ ಇನ್ನೂ ಚೆನ್ನ.

ಹೊರಡುವವರ ಗಮನಕ್ಕೆ

ಬೆಂಗಳೂರಿನಲ್ಲಿ ಇಳಿದ ದಿನವೇ ಮುಂದಿನ ಗಾಡಿ ಹಿಡಿಯುವ ಅವಸರ ಬೇಡ. ಉದ್ಯಾನ್ ಎಕ್ಸ್‌ಪ್ರೆಸ್ ಮುಟ್ಟುವುದು ಮೆಜೆಸ್ಟಿಕ್‌ನ ದೊಡ್ಡ ನಿಲ್ದಾಣ, ಮಂಗಳೂರಿನ ಹಗಲು ಗಾಡಿ ಹೊರಡುವುದು ಯಶವಂತಪುರ. ನಡುವೆ ಮೆಟ್ರೋ ಇದೆ. ಒಂದು ರಾತ್ರಿ ವಿಶ್ರಾಂತಿ ಪಡೆದು ಮರುದಿನ ಬೆಳಗ್ಗೆ ಹೊರಡಿರಿ. ಹಗಲು ಗಾಡಿ ವಾರದ ಎಲ್ಲ ದಿನವೂ ಒಂದೇ ಆಗಿರುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ ಎಂದು ನಿಲ್ದಾಣದಲ್ಲಿ ವಿಚಾರಿಸಿದ ಮೇಲೆ ಟಿಕೆಟ್ ಮಾಡಿಸಿರಿ.

ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ ಈ ಅವಧಿ 120 ದಿನವಿತ್ತು. ಹಿರಿಯ ನಾಗರಿಕರ ದರದ ರಿಯಾಯಿತಿ 2020ರಲ್ಲಿ ನಿಂತಿತು. ಆದರೆ ಕೆಳಗಿನ ಬರ್ತಿಗೆ ಹಿರಿಯರಿಗೆ ಪ್ರತ್ಯೇಕ ಕೋಟಾ ಇದೆ, ಟಿಕೆಟ್ ಮಾಡಿಸುವಾಗಲೇ ಕೇಳಿರಿ. ಗಾಲಿಕುರ್ಚಿ ಬೇಕಿದ್ದರೆ ಅದನ್ನೂ ಮೊದಲೇ ವಿಚಾರಿಸಿಕೊಳ್ಳಿರಿ. ಔಷಧಿಗಳನ್ನು ಕೈಚೀಲದಲ್ಲೇ ಇಡಿರಿ, ಪೆಟ್ಟಿಗೆಯಲ್ಲಿ ಬೇಡ.

ಹೋಗುವಾಗ ನೇರ ಮಂಗಳೂರಿಗೆ ಹೋಗಿ, ಬರುವಾಗ ಶ್ರವಣಬೆಳಗೊಳದಲ್ಲಿ ಇಳಿಯುವುದು ಅನುಕೂಲ. ಅಷ್ಟರೊಳಗೆ ಹಿರಿಯರಿಗೆ ವೇಣೂರು, ಕಾರ್ಕಳಗಳ ದರ್ಶನವಾಗಿರುತ್ತದೆ. ಬೆಳಗೊಳದಲ್ಲಿ ಶಕ್ತರಾದವರು ಬೆಟ್ಟ ಹತ್ತಲಿ, ಆಗದವರು ಕೆಳಗಿನಿಂದಲೇ ಕೈಮುಗಿಯಲಿ; ಕೊರತೆಯ ಭಾವ ಅವರಲ್ಲಿ ಉಳಿಯದು.

ಒಂದು ಸಂಜೆಯನ್ನು ಕಡಲಿಗೂ ಇಡಿರಿ. ಪಣಂಬೂರಿನಲ್ಲಿಯೋ ಉಳ್ಳಾಲದಲ್ಲಿಯೋ ಮರಳ ಮೇಲೆ ಕುಳಿತು ಸಾಮಾಯಿಕ ಮಾಡುವ ಅವಕಾಶ ಒಳನಾಡಿನ ನಮಗೆ ಎಷ್ಟು ಸಲ ಬಂದೀತು? ನೀರಿಗಿಳಿಯುವುದು ಬೇಡ, ದಂಡೆಯಲ್ಲಿ ಕುಳಿತು ನೋಡಿದರೆ ಸಾಕು.

ಆದ್ದರಿಂದ ಬಂಧುಗಳೇ, ಈ ಸಂಚಿಕೆ ಓದಿ ಮುಗಿಸಿದ ಸಂಜೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿರಿ. “ಯಾವಾಗಲಾದರೂ ಹೋಗೋಣವೇ?” ಎಂದಲ್ಲ, “ಯಾವ ತಿಂಗಳಿಗೆ ಟಿಕೆಟ್ ಮಾಡಿಸಲಿ?” ಎಂದು. ಮೊದಲಿನ ಪ್ರಶ್ನೆಗೆ ಅವರು “ನೋಡೋಣ ಬಿಡಪ್ಪ” ಎನ್ನುತ್ತಾರೆ. ಎರಡನೆಯದಕ್ಕೆ ಪಂಚಾಂಗ ತೆಗೆಯುತ್ತಾರೆ.