ಮಳೆಯ ನಕ್ಷತ್ರಗಳೂ ಲೊಕ್ಕನಹಳ್ಳಿಯ ಹೊಲಗಳೂ

ಮಳೆಯ ಬರವನ್ನು ಮುಂದಾಗಿ ಅರಿಯಬೇಕೆಂಬ ಆಶೆ ಬೇಸಾಯದಷ್ಟೇ ಹಳೆಯದು. ಕಾಲುವೆಯ ಕೆಳಗಿನ ಗದ್ದೆಯವನು ಅಣೆಕಟ್ಟಿನ ನೀರನ್ನು ನೋಡಿ ಸಮಾಧಾನವನ್ನು ತಾಳಬಹುದು. ಬೆದ್ದಲು ಹೊಲವೊಂದನ್ನೇ ನಂಬಿದವನು ಆಕಾಶವನ್ನಲ್ಲದೆ ಮತ್ತೇನನ್ನು ನೋಡಬೇಕು? ಪಟ್ಟಣದಲ್ಲಿರುವ ನಮಗೆ ಮಳೆಯೆಂದರೆ ಬಹುಮಟ್ಟಿಗೆ ಕೊಡೆಯ ವಿಚಾರ. ಹೊಲದವನಿಗೆ ಅದು ಬಿತ್ತನೆಯ ಬೀಜದ ವಿಚಾರ, ಆ ಬೀಜಕ್ಕಾಗಿ ತಂದ ಸಾಲದ ವಿಚಾರ. ಹದ ತಪ್ಪಿ ಬಿತ್ತಿದ ಬೀಜವು ಮಣ್ಣಿನಲ್ಲಿಯೇ ಒಣಗಿದರೆ ಎರಡನೆಯ ಸಲ ಬಿತ್ತಲು ಎಲ್ಲರ ಮನೆಯಲ್ಲಿಯೂ ಬೀಜವಿರುವುದಿಲ್ಲ. ಆದುದರಿಂದ ಮಳೆಯ ಭವಿಷ್ಯವನ್ನು ಹೇಳುವ ಶಾಸ್ತ್ರವು ಯಾವುದಾದರೂ ಆಗಲಿ, ಅದನ್ನು ಪರೀಕ್ಷಿಸದೆ ಒಪ್ಪುವುದೂ, ಪರೀಕ್ಷಿಸದೆ ನಕ್ಕು ತಳ್ಳುವುದೂ ಎರಡೂ ಸಲ್ಲವು.

ಪರೀಕ್ಷೆಗೆ ಒಂದು ಊರನ್ನು ಹಿಡಿದರೆ ಅನುಕೂಲ. ಲೊಕ್ಕನಹಳ್ಳಿಯನ್ನು ತೆಗೆದುಕೊಳ್ಳೋಣ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, ಪೂರ್ವಕ್ಕೆ ಮಲೆಯ ಮಹದೇಶ್ವರನ ಬೆಟ್ಟಗಳು. ನಡುವೆ ರಾಗಿ, ಜೋಳ, ಮುಸುಕಿನ ಜೋಳ, ಅವರೆ, ಹುರುಳಿಗಳನ್ನು ಬೆಳೆಯುವ ಸೀಮೆ. ಈಗ ಅದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಆ ಕೊಳ್ಳೇಗಾಲವಾದರೋ ೧೯೫೬ರ ನವೆಂಬರಿನವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ಒಂದು ಭಾಗ. ರಾಜ್ಯದ ಎಲ್ಲೆ ಬದಲಾದರೂ ಅಲ್ಲಿಯ ಒಕ್ಕಲುಮಕ್ಕಳು ಮಳೆಯನ್ನೆಣಿಸುವ ಬಗೆ ಬದಲಾಗಲಿಲ್ಲ. ಕನ್ನಡನಾಡಿನ ಇತರ ಕಡೆಗಳಂತೆ ಇಲ್ಲಿಯೂ ತಿಂಗಳಿನ ಹೆಸರಿಗಿಂತ ಮಳೆಯ ಹೆಸರೇ ಹೆಚ್ಚು ಬಳಕೆಯದು.

ಈ ಎಣಿಕೆಯ ಆಧಾರ ಸರಳವಾದುದು. ಸೂರ್ಯನು ವರ್ಷಕ್ಕೊಮ್ಮೆ ಸುತ್ತಿ ಬರುವಂತೆ ತೋರುವ ದಾರಿಯನ್ನು ೨೭ ನಕ್ಷತ್ರಗಳಾಗಿ ಪಾಲುಮಾಡಿದ್ದಾರೆ. ಒಂದೊಂದು ಪಾಲನ್ನು ದಾಟಲು ಅವನಿಗೆ ೧೩ ಅಥವಾ ೧೪ ದಿನಗಳು ಬೇಕು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ೧೧ರ ಸುಮಾರಿಗೆ ಕೃತ್ತಿಕೆ, ೨೫ರ ಸುಮಾರಿಗೆ ರೋಹಿಣಿ, ಜೂನ್ ೮ಕ್ಕೆ ಮೃಗಶಿರ, ೨೨ಕ್ಕೆ ಆರ್ದ್ರೆ. ಹೀಗೆಯೇ ಸಾಗಿ ಸೆಪ್ಟೆಂಬರ್ ನಡುವಿನಲ್ಲಿ ಉತ್ತರೆ, ಕೊನೆಯಲ್ಲಿ ಹಸ್ತೆ, ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ. ಸೂರ್ಯನು ನಕ್ಷತ್ರವನ್ನು ಹೊಕ್ಕ ದಿನ ರೈತನು ‘ಮಳೆ ಹುಟ್ಟಿತು’ ಎನ್ನುವನು. ಹನಿ ಬೀಳದಿದ್ದರೂ ಮಳೆ ಹುಟ್ಟಿಯೇ ಇರುವುದು! ಇಲ್ಲೊಂದು ಸ್ವಾರಸ್ಯವುಂಟು. ಸೂರ್ಯನೊಡನಿರುವ ನಕ್ಷತ್ರವು ಅವನ ಬೆಳಕಿನಲ್ಲಿ ಮುಳುಗಿ ಹೋಗಿರುವುದರಿಂದ, ಆರ್ದ್ರೆಯ ಮಳೆಗಾಲದಲ್ಲಿ ಆರ್ದ್ರಾ ನಕ್ಷತ್ರವನ್ನು ಯಾರೂ ಕಣ್ಣಾರೆ ಕಾಣಲಾರರು. ಆಕಾಶವನ್ನು ನೋಡಿ ತಿಳಿದಂತೆ ತೋರುವ ಈ ಲೆಕ್ಕವು ನಿಜವಾಗಿ ಪಂಚಾಂಗವನ್ನು ನೋಡಿ ತಿಳಿದುದು.

ನಕ್ಷತ್ರಗಳ ಹೆಸರಿನಿಂದ ವರ್ಷವನ್ನು ಹಂಚಿಕೊಂಡರೆ ಅದು ಬರಿಯ ಕಾಲಗಣನೆ; ಅದರಲ್ಲಿ ಜ್ಯೋತಿಷವೇನೂ ಇಲ್ಲ. ‘ಭರಣಿಯಲ್ಲಿ ಮಳೆಯಾದರೆ ಬೆಳೆ ಚೆನ್ನು’ ಎಂಬ ಅರ್ಥದ ಗಾದೆಯು ಏಪ್ರಿಲ್ ಕೊನೆಯ ಮಳೆಯಿಂದ ನೆಲ ಹದವಾಗಿ ಉಳುಮೆ ಸಾಗುವುದೆಂಬ ಅನುಭವವನ್ನು ನೆನಪಿನಲ್ಲಿ ನಿಲ್ಲುವಂತೆ ಕಟ್ಟಿಕೊಟ್ಟುದು. ಜ್ಯೋತಿಷವು ಮೊದಲಾಗುವುದು ಯುಗಾದಿಯ ದಿನ, ಪಂಚಾಂಗಶ್ರವಣದಲ್ಲಿ. ಹಳೆಯ ಮೈಸೂರಿನ ಕಡೆ ಪಂಚಾಂಗವನ್ನು ಕೇಳಿ ಹೊನ್ನಾರು ಹೂಡುವ ರೂಢಿಯಿದೆಯಷ್ಟೆ. ಆ ದಿನ ಪುರೋಹಿತನು ವರ್ಷದ ನವನಾಯಕರನ್ನು ಓದುವನು: ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಮೇಘಾಧಿಪತಿ ಮೊದಲಾದವರು. ಈ ಅಧಿಕಾರಿಗಳ ನೇಮಕವಾಗುವ ಕ್ರಮವನ್ನು ಕೇಳಿದರೆ ನಮ್ಮ ಶ್ರೋತೃಗಳಲ್ಲಿ ಹಲವರಿಗೆ ಆಶ್ಚರ್ಯವಾಗಬಹುದು. ಚೈತ್ರ ಶುದ್ಧ ಪಾಡ್ಯವು ಯಾವ ವಾರವೋ ಆ ವಾರದ ಗ್ರಹವು ರಾಜ. ಮೇಷ ಸಂಕ್ರಮಣದ ವಾರಕ್ಕೆ ಒಡೆಯನಾದವನು ಮಂತ್ರಿ. ಸೂರ್ಯನು ಆರ್ದ್ರೆಯನ್ನು ಹೊಗುವ ವಾರದ ಒಡೆಯನು ಮೇಘಾಧಿಪತಿ. ಸ್ಥೂಲವಾಗಿ ಹೇಳುವುದಾದರೆ ಚಂದ್ರ, ಗುರು, ಶುಕ್ರರಲ್ಲೊಬ್ಬನು ಮೋಡಗಳಿಗೆ ಅಧಿಪತಿಯಾದರೆ ಸುವೃಷ್ಟಿ. ರವಿ, ಕುಜ, ಶನಿಗಳಾದರೆ ಅಲ್ಪವೃಷ್ಟಿ. ಆ ಬಳಿಕ ವರ್ಷಕ್ಕೆ ಇಷ್ಟು ಕೊಳಗ ಮಳೆಯೆಂದೂ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ನೆಲಕ್ಕೆಷ್ಟು ಎಂದೂ ಪಾಲು ಹೇಳುವುದುಂಟು. ಕೆಲವು ಪಂಚಾಂಗಗಳು ಪ್ರತಿ ಮಳೆಗೂ ಒಂದೊಂದು ವಾಹನವನ್ನು ಕೊಡುವುವು. ಕಪ್ಪೆಯನ್ನೋ ಎಮ್ಮೆಯನ್ನೋ ಏರಿ ಬಂದ ಮಳೆ ಧಾರಾಳ. ನರಿಯನ್ನೇರಿ ಬಂದುದು ಜಿಪುಣ.

ಈಗ ಇದನ್ನು ಲೊಕ್ಕನಹಳ್ಳಿಯ ಹೊಲಕ್ಕೆ ತರೋಣ. ಮೊದಲನೆಯ ತೊಡಕು ಎಲ್ಲರಿಗೂ ಕಾಣುವಂತಹುದು. ವಾರವು ನಾಡಿಗೆಲ್ಲಾ ಒಂದೇ. ಆದುದರಿಂದ ಮೇಘಾಧಿಪತಿಯೂ ಒಬ್ಬನೇ. ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಕಾಣುವ ಆಗುಂಬೆಗೂ, ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಜೀವನ ನಡೆಸುವ ಚಾಮರಾಜನಗರದ ಸೀಮೆಗೂ ಅವನದೇ ಆಜ್ಞೆ. ಏಳು ವಾರಗಳಲ್ಲಿ ಮೂರು ಅಲ್ಪವೃಷ್ಟಿಯವಾದುದರಿಂದ, ವಾರಗಳ ಸುತ್ತಿನಲ್ಲಿ ಏಳು ವರ್ಷಕ್ಕೆ ಸರಾಸರಿ ಮೂರರಂತೆ ಬರ ತಪ್ಪದೆ ಬರಬೇಕು. ಮಳೆಯ ದಾಖಲೆಗಳಲ್ಲಿ ಅಂತಹ ತಾಳವು ಕಾಣುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಗಹನವಾದುದು. ಮೋಡಗಳ ಒಡೆಯನನ್ನು ಆರ್ದ್ರಾ ಪ್ರವೇಶದ ದಿನ, ಎಂದರೆ ಜೂನ್ ೨೨ರ ಸುಮಾರಿಗೆ, ಆರಿಸುವುದೇಕೆ? ಅದು ಈಗ ಮಧ್ಯಭಾರತದಲ್ಲಿ ಮುಂಗಾರು ಕಾಲಿಡುವ ಕಾಲಕ್ಕೆ ಹತ್ತಿರ. ಲೊಕ್ಕನಹಳ್ಳಿಯಲ್ಲಾದರೋ ಆರ್ದ್ರೆ ಪುನರ್ವಸುಗಳು ಮಳೆಯ ಮುಖ್ಯ ಕಾಲವೇ ಅಲ್ಲ. ನೈಋತ್ಯದ ಗಾಳಿಯು ಪಶ್ಚಿಮಘಟ್ಟದಲ್ಲಿಯೂ ನೀಲಗಿರಿಯಲ್ಲಿಯೂ ತನ್ನ ಹೊರೆಯನ್ನಿಳಿಸಿ ಹಗುರಾಗಿ ಇತ್ತ ಬೀಸುವುದರಿಂದ, ಜೂನ್ ಜುಲೈಗಳಲ್ಲಿ ಮೋಡ ಓಡುವುದು ಹೆಚ್ಚು, ಸುರಿಯುವುದು ಕಡಮೆ. ಈ ಸೀಮೆಯ ಮಳೆಗೆ ಎರಡು ತಲೆಗಳು: ಮೇ ತಿಂಗಳಿನಲ್ಲಿ ಮಧ್ಯಾಹ್ನದ ಕಾವಿಗೆ ಬೆಟ್ಟದ ಮೇಲೆದ್ದು ಸಂಜೆಗೆ ಗುಡುಗಿ ಸುರಿಯುವ ಮಳೆ ಒಂದು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಮುಂಗಾರು ಹಿಂದೆಗೆದು ಬಂಗಾಳಕೊಲ್ಲಿಯ ಕಡೆಯ ಗಾಳಿ ತಿರುಗುವಾಗ ಬರುವ ಮಳೆ ಇನ್ನೊಂದು. ನಕ್ಷತ್ರದ ಮಾತಿನಲ್ಲಿ ಹೇಳಿದರೆ ಭರಣಿ ಕೃತ್ತಿಕೆಗಳೂ, ಉತ್ತರೆ ಹಸ್ತೆ ಚಿತ್ತೆಗಳೂ ಇಲ್ಲಿಯ ದೊಡ್ಡ ಮಳೆಗಳು. ಬೇರೆ ನೆಲದ ಮುಹೂರ್ತದಿಂದ ಈ ನೆಲದ ಮಳೆಯನ್ನು ಹೇಳಹೊರಟರೆ ಫಲವೇನಾದೀತು? ಹಳ್ಳಿಯ ಗಾದೆಯು ಪಂಚಾಂಗದ ನವನಾಯಕರಿಗಿಂತ ಎಷ್ಟೋ ಪಾಲು ಹೆಚ್ಚು ನಂಬಬೇಕಾದುದೆಂದು ನಮ್ಮ ಅಭಿಪ್ರಾಯ; ಏಕೆಂದರೆ ಅದು ಆ ಹೊಲದಲ್ಲಿಯೇ ಹುಟ್ಟಿದುದು.

ಗಾದೆಗೂ ಒಂದು ಕಾಲಮಿತಿಯುಂಟು. ಪಂಚಾಂಗದ ವರ್ಷವು ನಕ್ಷತ್ರಗಳನ್ನನುಸರಿಸುವುದು. ಋತುಗಳ ವರ್ಷವು ಅದಕ್ಕಿಂತ ಸುಮಾರು ೨೦ ನಿಮಿಷ ಗಿಡ್ಡ. ಈ ಅಲ್ಪ ಭೇದವೇ ಕೂಡಿಕೊಂಡು ಸುಮಾರು ೭೨ ವರ್ಷಕ್ಕೆ ಒಂದು ದಿನವಾಗುವುದು. ಆರನೆಯ ಶತಮಾನದ ವರಾಹಮಿಹಿರನ ದಿನಗಳಿಗೂ ಇಂದಿಗೂ ನಡುವೆ ಸುಮಾರು ಮೂರು ವಾರಗಳು ಜಾರಿಹೋಗಿವೆ. ಇಂದಿನ ಎಣಿಕೆಯಲ್ಲಿ ಹೇಳುವುದಾದರೆ ಅವನ ಆರ್ದ್ರೆಯು ಮೇ ಕೊನೆಗೇ ಬರುತ್ತಿತ್ತು. ಮಳೆಯು ಋತುವಿನ ಕೂಸು, ನಕ್ಷತ್ರದ ಹಿಂದೆ ಹೋಗುವುದಿಲ್ಲ. ಆದುದರಿಂದ ನಕ್ಷತ್ರವನ್ನು ಹೆಸರಿಸಿ ಹೇಳಿದ ಹಳೆಯ ಮಳೆಮಾತುಗಳನ್ನು ಹಾಗೆಯೇ ಈ ಕಾಲಕ್ಕೆ ಹಚ್ಚಲಾಗದು.

ಹಾಗೆಂದು ಹಳಬರು ಆಕಾಶವನ್ನು ನೋಡಲೇ ಇಲ್ಲವೆಂದು ಯಾರೂ ತಿಳಿಯಬಾರದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗರ್ಭವೆಂಬ ಒಂದು ಸಿದ್ಧಾಂತವಿದೆ. ಮಾರ್ಗಶಿರ ಮಾಸದಿಂದ ಮೊದಲುಗೊಂಡು ಮೋಡ, ಗಾಳಿ, ಮಿಂಚು, ಪರಿವೇಷ ಮೊದಲಾದ ಲಕ್ಷಣಗಳಿಂದ ಮಳೆಯ ಗರ್ಭ ನಿಂತುದನ್ನು ತಿಳಿದು, ೧೯೫ ದಿನಗಳ ಬಳಿಕ ಪ್ರಸವವನ್ನು ಎದುರುನೋಡಬೇಕಂತೆ. ಇವನ್ನು ತಿಥಿಗಳೆಂದೆಣಿಸಿದರೆ ಸರಿಯಾಗಿ ಆರೂವರೆ ಚಾಂದ್ರಮಾಸ. ಶುಕ್ಲಪಕ್ಷದ ಗರ್ಭ ಕೃಷ್ಣಪಕ್ಷದಲ್ಲಿ ಹಡೆಯುವುದೆಂಬ ಮಾತೂ ಇದಕ್ಕೆ ಒಪ್ಪುತ್ತದೆ. ದೈವಜ್ಞನು ಹಗಲಿರುಳೂ ಮನಸ್ಸಿಟ್ಟು ನೋಡುತ್ತಿರಬೇಕೆಂದು ಅವನು ವಿಧಿಸುವನು. ಒಂದು ಮೊಳ ಅಗಲದ ಪಾತ್ರೆಯಲ್ಲಿ ಬಿದ್ದ ನೀರನ್ನಳೆದು ಆಢಕದ ಲೆಕ್ಕದಲ್ಲಿ ಮಳೆಯನ್ನು ಹೇಳಬೇಕೆಂಬ ಕ್ರಮವೂ ಅಲ್ಲಿದೆ. ಪಂಚಾಂಗದ ಕೊಳಗದ ಲೆಕ್ಕ ಇದೇ ಬಗೆಯದು. ಆದರೆ ಅಳೆಯುವ ಪಾತ್ರೆ ಮರೆತುಹೋಗಿ, ಕೊಳಗದ ಮಾತು ಮಾತ್ರ ಉಳಿಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಕೋಷ್ಠಾಗಾರದ ಮುಂದೆ ಮಳೆಯಳತೆಯ ಪಾತ್ರೆಯನ್ನಿಡಲು ಹೇಳಿದೆ. ಗುರು ಶುಕ್ರರ ಸಂಚಾರದಿಂದ ಮಳೆಯನ್ನು ಊಹಿಸಲು ಹೇಳಿದ ಆ ಕೌಟಿಲ್ಯನೇ, ಕೆಲಸ ಬಿಟ್ಟು ನಕ್ಷತ್ರಗಳನ್ನು ಕೇಳುತ್ತಾ ಕೂರುವವರನ್ನು ಮತ್ತೊಂದೆಡೆ ಹಳಿದಿದ್ದಾನೆ. ಕನ್ನಡದಲ್ಲಿ ರಟ್ಟಕವಿಯು ಸುಮಾರು ೧೩೦೦ರಲ್ಲಿ ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತು ರಟ್ಟಮತವೆಂಬ ಗ್ರಂಥವನ್ನೇ ರಚಿಸಿದನು.

ಸದ್ಯೋವರ್ಷಣ, ಎಂದರೆ ಇಂದು ನಾಳೆಯ ಮಳೆಯ ಸೂಚನೆಗಳ ವಿಚಾರದಲ್ಲಿ ನಾವು ಹಳಬರಿಗೆ ಹೆಚ್ಚು ಋಣಿಗಳು. ಇರುವೆಗಳು ಮೊಟ್ಟೆಗಳನ್ನು ಹೊತ್ತು ಮೇಲಕ್ಕೆ ಸಾಗುವುದು, ಉಪ್ಪು ನೀರೊಡೆಯುವುದು, ಚಂದ್ರನ ಸುತ್ತ ಗುಡಿಗಟ್ಟುವುದು: ಇವೆಲ್ಲಾ ಹಳ್ಳಿಯ ಅಜ್ಜಿಯೂ ಸಂಹಿತೆಯ ಪಂಡಿತನೂ ಒಂದೇ ಬಾಯಿಂದ ಹೇಳುವ ಮಾತುಗಳು. ಉಪ್ಪು ಗಾಳಿಯ ತೇವವನ್ನು ಹೀರುವುದೆಂಬುದು ಸ್ಪಷ್ಟ. ಚಂದ್ರನ ದೊಡ್ಡ ಪರಿವೇಷವು ಬಹು ಎತ್ತರದ ತೆಳುಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗುವುದರಿಂದ ಆದುದು. ಅಂತಹ ಮೋಡವು ಕೆಲವೊಮ್ಮೆ ದೊಡ್ಡ ಮಳೆಮೋಡದ ಮುಂಗಾಲಾಳಾಗಿ ಬರುವುದುಂಟು, ಕೆಲವೊಮ್ಮೆ ಸುಮ್ಮನೆ ಹಾದುಹೋಗುವುದೂ ಉಂಟು. ಇವು ಒಂದೆರಡು ದಿನಗಳ ಸೂಚನೆಗಳು. ಯುಗಾದಿಯಂದು ದೀಪಾವಳಿಯ ಮಳೆಯನ್ನು ಹೇಳುವ ಶಕ್ತಿ ಇವಕ್ಕಿಲ್ಲ.

ಸಂವತ್ಸರದ ಹೆಸರಿನಿಂದ ಫಲ ಹೇಳುವವರಿಗೆ ನಮ್ಮ ಸೀಮೆಯ ಇತಿಹಾಸವೇ ಒಂದು ಪರೀಕ್ಷೆಯನ್ನೊಡ್ಡಿದೆ. ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು, ಎಂದರೆ ೧೮೭೬ರಿಂದ ೧೮೭೮ರವರೆಗಿನ ಬರವನ್ನು, ಕೇಳದವರಿಲ್ಲ. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ, ಐವರಲ್ಲೊಬ್ಬರಂತೆ, ಅದಕ್ಕೆ ತುತ್ತಾದರು. ಅರವತ್ತು ವರ್ಷಗಳ ಚಕ್ರವು ತಿರುಗಿ ಧಾತು ಸಂವತ್ಸರವು ೧೯೩೬ರಲ್ಲಿ ಮರಳಿ ಬಂತು, ೧೯೯೬ರಲ್ಲಿ ಇನ್ನೊಮ್ಮೆ ಬಂತು. ಅಂತಹ ಕ್ಷಾಮವು ಮರಳಲಿಲ್ಲ. ಆ ಮಹಾಕ್ಷಾಮದ ಕಾಲದಲ್ಲಿ ಪೆಸಿಫಿಕ್ ಸಾಗರದ ನೀರು ವಿಶೇಷವಾಗಿ ಕಾದಿತ್ತೆಂದು ಈಗಿನವರು ಹೇಳುವರು. ಎಲ್‌ನಿನೊ ಎಂಬುದು ಅದೇ. ಆದರೆ ೧೯೯೭ರಲ್ಲಿ, ಮತ್ತೊಂದು ಈಶ್ವರ ಸಂವತ್ಸರದಲ್ಲಿ, ಆ ಸಾಗರವು ಅತಿಯಾಗಿ ಕಾದರೂ ಭಾರತದ ಮುಂಗಾರು ಕೈಬಿಡಲಿಲ್ಲ. ನಕ್ಷತ್ರವಾದಿಗಳು ಇದನ್ನು ಕೇಳಿ ಹಿಗ್ಗಬಹುದು!

ಹವಾಮಾನ ಶಾಸ್ತ್ರಜ್ಞರು ತಪ್ಪಿದುದೂ ಉಂಟು. ೧೮೭೫ರಲ್ಲಿ ಸ್ಥಾಪನೆಯಾದ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದ ಬ್ಲ್ಯಾನ್‌ಫರ್ಡರು, ಚಳಿಗಾಲದಲ್ಲಿ ಹಿಮಾಲಯದ ಮೇಲೆ ಬಿದ್ದ ಹಿಮವನ್ನು ನೋಡಿ ಮುಂದಿನ ಮುಂಗಾರನ್ನು ಊಹಿಸಿ, ೧೮೮೬ರಿಂದ ಮುನ್ಸೂಚನೆಗಳನ್ನು ಪ್ರಕಟಿಸತೊಡಗಿದರು. ಚಳಿಗಾಲದಲ್ಲಿಯೇ ಮಳೆಗಾಲದ ಗುರುತನ್ನರಸಿದುದರಲ್ಲಿ ಅವರೂ ವರಾಹಮಿಹಿರನೂ ಒಂದೇ ದಾರಿಯವರು. ೨೦೦೨ರಲ್ಲಿ ಇಲಾಖೆಯು ವಾಡಿಕೆಯ ಮಳೆಯೆಂದು ಹೇಳಿತು. ದೇಶದ ಒಟ್ಟು ಮಳೆಯಲ್ಲಿ ನೂರಕ್ಕೆ ೧೯ರಷ್ಟು ಕೊರತೆ ಬಿತ್ತು. ಆದರೆ ಆ ತಪ್ಪನ್ನು ಲೆಕ್ಕವಿಟ್ಟು ಬರೆದುಕೊಂಡುದರಿಂದ ಮುನ್ಸೂಚನೆಯ ಕ್ರಮವನ್ನೇ ಮರುವರ್ಷ ತಿದ್ದಿದರು. ಮೇಘಾಧಿಪತಿಯು ತಪ್ಪಿದ ವರ್ಷಗಳ ಪಟ್ಟಿಯನ್ನು ಯಾವ ಪಂಚಾಂಗವು ಅಚ್ಚುಹಾಕಿದೆ? ಹಸ್ತೆಯಲ್ಲಿ ಹತ್ತು ವರ್ಷಕ್ಕೆ ಎಂಟು ವರ್ಷ ಮಳೆಯಾಗುವ ಊರೊಂದಿದೆಯೆಂದಿಟ್ಟುಕೊಳ್ಳಿ. ಅಲ್ಲಿ ಪ್ರತಿವರ್ಷವೂ ‘ಹಸ್ತೆ ಸುರಿಯುವುದು’ ಎಂದವನು ಗ್ರಹವನ್ನೇನೂ ನೋಡದೆ ಎಂಟು ಸಲ ಗೆಲ್ಲುವನು. ಗೆದ್ದುದನ್ನು ಊರು ನೆನೆಯುವುದು. ಸೋತ ಎರಡು ಸಲವನ್ನು ಯಾರೂ ಆಡಿಕೊಳ್ಳರು.

ಇಂದು ಗ್ರಾಮಪಂಚಾಯತಿಗಳ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳುಹಿಸುವ ಮಳೆಮಾಪಕಗಳಿವೆ. ಕೆಲವು ದಿನಗಳ ಮುನ್ಸೂಚನೆಯನ್ನು ದೂರವಾಣಿಯಲ್ಲಿ ಕೇಳಿ ತಿಳಿಯುವ ಅನುಕೂಲವೂ ಇದೆ. ಆದರೂ ಮೂರು ತಿಂಗಳ ಮುಂದೆ ಒಂದು ಹೋಬಳಿಗೆ ಎಷ್ಟು ಮಳೆಯೆಂದು ಖಚಿತವಾಗಿ ಹೇಳುವ ವಿದ್ಯೆ ಯಾರ ಕೈಯಲ್ಲಿಯೂ ಇಲ್ಲ. ಇದನ್ನು ಬೆದ್ದಲು ಬೇಸಾಯದವರು ಎಂದೋ ಬಲ್ಲರು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆಯನ್ನೂ ಜೋಳವನ್ನೂ ಬಿತ್ತುವುದು, ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲೆಂದು. ಮುಂಗಾರು ಪೂರಾ ಹೋದ ವರ್ಷದಲ್ಲಿಯೂ ಉತ್ತರೆಯೋ ಹಸ್ತೆಯೋ ಒಂದು ಹದ ಕೊಟ್ಟರೆ, ಬಿಟ್ಟಿದ್ದ ಹೊಲವನ್ನು ಉತ್ತು ಹುರುಳಿಯನ್ನು ಚೆಲ್ಲುವರು. ಅದಕ್ಕೆಂದು ಒಂದಿಷ್ಟು ಹುರುಳಿ ಬೀಜವನ್ನು ಮಾರದೆ ತೆಗೆದಿಡುವರು.