ವರ್ಷಕ್ಕೆ 192 ರೂಪಾಯಿಯ ರಾಜ, ಸೆಕೆಂಡಿಗೆ 74 ಸಾವಿರದ ಇಲಾಖೆ

ಸೌರಾಷ್ಟ್ರದಲ್ಲಿ ಕಟೋಡಿಯಾ ಎಂಬ ಪುಟ್ಟ ಸಂಸ್ಥಾನವಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದರ ಒಡೆಯನಿಗೆ ಭಾರತ ಸರ್ಕಾರ ಗೊತ್ತುಮಾಡಿದ ರಾಜಧನ ವರ್ಷಕ್ಕೆ 192 ರೂಪಾಯಿ. ತಿಂಗಳಿಗೆ ಹದಿನಾರು. ಮೈಸೂರು ಮಹಾರಾಜರಿಗೆ ನಿಗದಿಯಾದದ್ದು ವರ್ಷಕ್ಕೆ 26 ಲಕ್ಷ, ಹೈದರಾಬಾದಿನ ನಿಜಾಮರಿಗೆ 50 ಲಕ್ಷ. ಮೈಸೂರಿನ ಒಂದು ವರ್ಷದ ದುಡ್ಡನ್ನು ಕಟೋಡಿಯಾಕ್ಕೆ ಕೊಟ್ಟಿದ್ದರೆ ಹದಿಮೂರೂವರೆ ಸಾವಿರ ವರ್ಷ ಸಾಕಾಗುತ್ತಿತ್ತು. ಆದರೂ ಸರ್ಕಾರದ ಪಟ್ಟಿಯಲ್ಲಿ ಈ ಮೂವರೂ ಒಂದೇ ಜಾತಿ: ಮಾಜಿ ದೊರೆಗಳು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದಾಗ ಹದಿನಾರು ರೂಪಾಯಿಯವನ ಹೆಸರೂ ಹೋಯಿತು, ಲಕ್ಷಗಳವರ ಹೆಸರೂ ಹೋಯಿತು.

ಇಂಥ ಪಟ್ಟಿಗಳನ್ನು ಹಿಡಿದು ಕೂತಿದ್ದವರು ದೇಶದ ಮೊದಲ ಗೃಹ ಸಚಿವ ವಲ್ಲಭಭಾಯಿ ಪಟೇಲರು. ಸಂಸ್ಥಾನಗಳ ಇಲಾಖೆ ಕಾಗದದ ಮೇಲೆ ಬೇರೆಯೇ. ಆದರೆ ಅದರ ಸಚಿವರೂ ಅವರೇ, ವಾರ್ತಾ ಇಲಾಖೆಯೂ ಅವರದೇ. 1955ರಲ್ಲಿ ಸಂಸ್ಥಾನಗಳ ಇಲಾಖೆ ಗೃಹ ಇಲಾಖೆಯೊಳಗೇ ಸೇರಿಹೋಯಿತು.

ಸಂಸ್ಥಾನಗಳ ಸಂಖ್ಯೆ 560ಕ್ಕಿಂತ ಹೆಚ್ಚು. ಇಲಾಖೆ ಶುರುವಾದದ್ದು 1947ರ ಜುಲೈ 5ರಂದು. ಆಗಸ್ಟ್ 15ಕ್ಕೆ ಉಳಿದದ್ದು 41 ದಿನ. ದಿನಕ್ಕೆ ಹದಿಮೂರು ಹದಿನಾಲ್ಕು ರಾಜ್ಯಗಳ ಹಣೆಬರಹ ತೀರ್ಮಾನವಾಗಬೇಕು. ಆಗ ಪಟೇಲರಿಗೆ 71 ವರ್ಷ. ಇಲಾಖೆಯ ಕಾರ್ಯದರ್ಶಿ ವಿ.ಪಿ. ಮೆನನ್ ಕಂಡುಕೊಂಡ ಉಪಾಯ ಕಚೇರಿ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಅಚ್ಚು ಹಾಕಿಸಿದ ಅರ್ಜಿ ನಮೂನೆ. ಪೂರ್ಣ ಅಧಿಕಾರವಿದ್ದ ಸುಮಾರು 140 ಸಂಸ್ಥಾನಗಳಿಗೆ ಒಂದೇ ಒಕ್ಕಣೆಯ ಸೇರ್ಪಡೆ ಪತ್ರ. ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರನ್ನು ಮಾತ್ರ ಬಿಟ್ಟುಕೊಡಿ ಎಂದು. ಸಣ್ಣಪುಟ್ಟವಕ್ಕೆ ಬೇರೆ ನಮೂನೆ. ಊರು, ದೊರೆಯ ಹೆಸರು, ತಾರೀಖು ತುಂಬಲು ಖಾಲಿ ಜಾಗ. ಕಾಶ್ಮೀರದ ಪತ್ರವನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಅಚ್ಚಿನಲ್ಲಿದ್ದ ‘ಆಗಸ್ಟ್’ ಎಂಬ ಪದವನ್ನು ಹೊಡೆದುಹಾಕಿ ‘ಅಕ್ಟೋಬರ್’ ಎಂದು ಬರೆಯಲಾಗಿದೆ. ಉಪಖಂಡದ ಇತಿಹಾಸದ ಅತ್ಯಂತ ಜಗಳದ ಕಾಗದಗಳಲ್ಲಿ ಒಂದು, ಮುಗಿದುಹೋದ ತಿಂಗಳ ಹಳೇ ನಮೂನೆಯ ಮೇಲೆ!

ಕಾಠಿಯಾವಾಡವೊಂದರಲ್ಲೇ 222 ಸಂಸ್ಥಾನ, ಪಾಳೆಯಪಟ್ಟುಗಳಿದ್ದವು. ವೆಜಾನೊನೆಸ್ ಎಂಬುದು ಪೂರಾ ಒಂದು ಚದರ ಮೈಲಿಯೂ ಇರಲಿಲ್ಲ. ಇನ್ನೊಂದು ತುದಿಯಲ್ಲಿ 82 ಸಾವಿರ ಚದರ ಮೈಲಿಯ ಹೈದರಾಬಾದ್. ನಮ್ಮ ಕಡೆ ಮೈಸೂರಿನ ಜೊತೆಗೆ ಸಂಡೂರು, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗಗಳೂ ರಾಜ್ಯಗಳೇ.

ಹೈದರಾಬಾದಿನ ಲೆಕ್ಕ ಮಾತ್ರ ಅರ್ಜಿ ನಮೂನೆಯಲ್ಲಿ ಮುಗಿಯಲಿಲ್ಲ. 1948ರ ಸೆಪ್ಟೆಂಬರ್ 13ರಂದು ಸೇನೆ ಒಳಹೊಕ್ಕಿತು, 17ಕ್ಕೆ ನಿಜಾಮರು ಶರಣಾದರು. ಐದೇ ದಿನ. ಬೀದರ್, ಕಲಬುರಗಿ, ರಾಯಚೂರು ಭಾಗ ಇಂದಿಗೂ ಆ ತಾರೀಖನ್ನು ಆಚರಿಸುತ್ತದೆ. ಸೇನೆಯ ದಂಡಯಾತ್ರೆಗೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಟ್ಟದ್ದು ಜಾಣತನ. ಪೊಲೀಸ್ ಎಂದರೆ ಮನೆಯೊಳಗಿನ ವಿಷಯ, ವಿಶ್ವಸಂಸ್ಥೆ ತಲೆಹಾಕುವಂತಿಲ್ಲ. ಆದರೆ ಆ ಐದು ದಿನದ ಬಾಲಕ್ಕೆ ಇನ್ನೊಂದು ಸಂಖ್ಯೆ ಅಂಟಿಕೊಂಡಿದೆ. ಪಂಡಿತ ಸುಂದರಲಾಲ್ ಸಮಿತಿ ಜಿಲ್ಲೆ ಜಿಲ್ಲೆ ಸುತ್ತಿ ಕೊಟ್ಟ ವರದಿಯ ಪ್ರಕಾರ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. 41 ದಿನದ ಸಾಹಸವನ್ನು ಹಾಡಿ ಹೊಗಳುವವರು ಈ ಸಂಖ್ಯೆಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಎಂಬುದು ನನ್ನ ಹಟ.

ಇವತ್ತಿನ ಗೃಹ ಇಲಾಖೆಗೆ ಬರೋಣ. 2025-26ರ ಬಜೆಟ್ಟಿನಲ್ಲಿ ಅದರ ಪಾಲು ಸುಮಾರು 2.33 ಲಕ್ಷ ಕೋಟಿ ರೂಪಾಯಿ. ದಿನಕ್ಕೆ ಸುಮಾರು 640 ಕೋಟಿ. ಹಗಲು ರಾತ್ರಿ ಎನ್ನದೆ ಸೆಕೆಂಡಿಗೆ 74 ಸಾವಿರ. ಇದರ ದೊಡ್ಡ ಪಾಲು ಪೊಲೀಸ್ ಪಡೆಗಳಿಗೆ. ಜಮ್ಮು-ಕಾಶ್ಮೀರದಂಥ ಕೇಂದ್ರಾಡಳಿತ ಪ್ರದೇಶಗಳಿಗೆ ಕೊಡುವ ಹಣವೂ ಇದರಲ್ಲೇ ಬಂತು.

ಸಿಆರ್‌ಪಿಎಫ್ ಹುಟ್ಟಿದ್ದು 1939ರ ಜುಲೈನಲ್ಲಿ, ಮಧ್ಯಪ್ರದೇಶದ ನೀಮಚ್‌ನಲ್ಲಿ, ಎರಡು ಬೆಟಾಲಿಯನ್‌ಗಳಾಗಿ. ಬ್ರಿಟಿಷರಿಗೆ ಆಗ ಸಂಸ್ಥಾನಗಳ ಚಳವಳಿಗಳನ್ನು ಅದುಮಲು ಜನ ಬೇಕಿತ್ತು. ಇಂದು ಅದೇ ಪಡೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ. ಗಡಿ ಭದ್ರತಾ ಪಡೆ, ಕೈಗಾರಿಕಾ ಭದ್ರತಾ ಪಡೆ, ಇಂಡೋ-ಟಿಬೆಟನ್ ಪೊಲೀಸ್, ಸಶಸ್ತ್ರ ಸೀಮಾ ಬಲ, 1835ರಷ್ಟು ಹಳೆಯದಾದ ಅಸ್ಸಾಂ ರೈಫಲ್ಸ್ ಎಲ್ಲ ಕೂಡಿದರೆ ಲೆಕ್ಕ ಹತ್ತು ಲಕ್ಷದ ಹತ್ತಿರ ಹೋಗುತ್ತದೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಒಟ್ಟು ಜನಸಂಖ್ಯೆ ಇದ್ದದ್ದು 9.4 ಲಕ್ಷ. ಅವಳಿನಗರದ ಕೂಸು, ಮುದುಕರಾದಿಯಾಗಿ ಎಲ್ಲರಿಗೂ ಸಮವಸ್ತ್ರ ತೊಡಿಸಿದಂತೆ.

ಅವರು ಕಾಯುವ ನೆಲದ ಗಡಿ 15,106.7 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಸುಮಾರು ಏಳು ಸಲ ಹೋದಷ್ಟು. ಹೆಚ್ಚಿನವರು ಪಾಕಿಸ್ತಾನದ ಗಡಿಯೇ ಉದ್ದ ಎಂದುಕೊಂಡಿರುತ್ತಾರೆ. ಅದು 3,323 ಕಿಲೋಮೀಟರ್, ಬಾಂಗ್ಲಾದೇಶದ್ದು 4,096.7. ಈ ಪಟ್ಟಿಯಲ್ಲಿ ಅಫ್ಘಾನಿಸ್ತಾನದ ಜೊತೆಗಿನ 106 ಕಿಲೋಮೀಟರ್ ಕೂಡ ಇದೆ. ಅದು ಪಾಕ್ ಆಕ್ರಮಿತ ಕಾಶ್ಮೀರದ ಅಂಚು. ಅಲ್ಲಿ ನಮ್ಮ ಒಬ್ಬ ಜವಾನನೂ ನಿಲ್ಲಲಾರ. ಆದರೂ ಕೂಡಿಸುವಾಗ ಬಿಡುವುದಿಲ್ಲ.

ಇಷ್ಟೆಲ್ಲ ಬಲವಿರುವ ಸಚಿವರಿಗೆ ಕರ್ನಾಟಕದ ಯಾವುದೋ ಹಳ್ಳಿ ಠಾಣೆಯ ಒಬ್ಬ ಪೇದೆಯನ್ನು ಪಕ್ಕದ ಠಾಣೆಗೆ ವರ್ಗ ಮಾಡುವ ಅಧಿಕಾರವಿಲ್ಲ! ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮೊದಲ ಎರಡು ಬಾಬ್ತುಗಳೇ ಸಾರ್ವಜನಿಕ ಶಾಂತಿ ಮತ್ತು ಪೊಲೀಸ್. ಅದು ವಿಧಾನಸೌಧದ ಗೃಹ ಸಚಿವರ ಪಾಲು. ದೆಹಲಿಯ ಠಾಣೆಗಳು ಕೇಂದ್ರದ ಕೈಯಲ್ಲಿವೆ. ಅಲ್ಲಿನ ಮುಖ್ಯಮಂತ್ರಿಗೆ ಮಾತ್ರ ತನ್ನೂರಿನ ಪೊಲೀಸರ ಮೇಲೆ ಅಧಿಕಾರವಿಲ್ಲ. ಸಿಬಿಐ ಕೂಡ ಗೃಹ ಸಚಿವರ ಕೆಳಗೆ ಬರುವುದಿಲ್ಲ, ಟಿ.ವಿ. ಚರ್ಚೆಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ ಅಷ್ಟೆ.

ಪೇದೆಯನ್ನು ಅಲುಗಿಸಲಾಗದ ಇಲಾಖೆ ಮುಖ್ಯಮಂತ್ರಿಯನ್ನೇ ಅಲುಗಿಸಬಲ್ಲದು. ರಾಷ್ಟ್ರಪತಿ ಆಳ್ವಿಕೆಯ ಕಡತ ಸಾಗುವುದು ಇದೇ ದಾರಿಯಲ್ಲಿ. 1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರ ಹಾಗೆ ಹೋಯಿತು; ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಬಿಡಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ರಾಜಭವನದಲ್ಲಿ ಅಲ್ಲ, ಸದನದಲ್ಲಿ ಎಂದಿತು. ಅಷ್ಟರಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿ ಕಡಿಮೆಯೆಂದರೂ 90 ಸಲ ಬಳಕೆಯಾಗಿತ್ತು, ಸರಾಸರಿ ವರ್ಷಕ್ಕೆ ಎರಡು. ತೀರ್ಪಿನ ಮೇಲೆ ಆ ವೇಗ ಇಳಿಯಿತು. ಬೊಮ್ಮಾಯಿಗೆ ಕುರ್ಚಿ ಮರಳಿ ಸಿಗಲಿಲ್ಲ, ಆದರೆ ಅವರ ಹೆಸರಿನ ತೀರ್ಪು ಆಮೇಲೆ ಬಂದ ಎಷ್ಟೋ ಮುಖ್ಯಮಂತ್ರಿಗಳ ಕುರ್ಚಿ ಉಳಿಸಿದೆ.

ಕೇಂದ್ರ ಗೃಹ ಸಚಿವರ ಕುರ್ಚಿಯೂ ಅಷ್ಟೇನೂ ಗಟ್ಟಿಯಲ್ಲ. 1996ರ ಒಂದೇ ವರ್ಷದಲ್ಲಿ ಗೃಹ ಖಾತೆ ನಾಲ್ವರ ಕೈ ದಾಟಿತು: ಎಸ್.ಬಿ. ಚವಾಣ್, ಮುರಳಿ ಮನೋಹರ ಜೋಶಿ, ಪ್ರಧಾನಿಯಾದ ಮೊದಲ ವಾರಗಳಲ್ಲಿ ನಮ್ಮ ದೇವೇಗೌಡರು, ಕೊನೆಗೆ ಕಮ್ಯುನಿಸ್ಟ್ ನಾಯಕ ಇಂದ್ರಜಿತ್ ಗುಪ್ತ. ಸಿಪಿಐ ಹುಟ್ಟಿದ ದಿನದಿಂದ ಅದರ ಬೆನ್ನುಹತ್ತಿದ್ದ ಗುಪ್ತಚರ ವಿಭಾಗದ ಮೇಲೆ ಅದೇ ಪಕ್ಷದ ಹಿರಿಯ ಬಂದು ಕೂತದ್ದು ಪ್ರಜಾಪ್ರಭುತ್ವದ ಒಳ್ಳೆಯ ತಮಾಷೆಗಳಲ್ಲಿ ಒಂದು. ಆದರೆ 2019ರಲ್ಲಿ ಬಂದು ಕೂತ ಅಮಿತ್ ಶಾ, ಅತಿ ಹೆಚ್ಚು ಕಾಲ ಗೃಹ ಸಚಿವರಾಗಿದ್ದ ಅಡ್ವಾಣಿಯವರ ದಾಖಲೆಯನ್ನೂ 2025ರಲ್ಲಿ ದಾಟಿದರು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಂದೂಕಿಲ್ಲದ ಒಂದು ಪಡೆ. ಜನಗಣತಿ ಕೂಡ ಗೃಹ ಇಲಾಖೆಯದೇ ಕೆಲಸ. 2011ರಲ್ಲಿ ಅದಕ್ಕೆ ಇಳಿದವರು 27 ಲಕ್ಷ ಮಂದಿ, ಹೆಚ್ಚಿನವರು ಶಾಲೆಯ ಮೇಷ್ಟರು, ಟೀಚರುಗಳು. 16 ಭಾಷೆಗಳಲ್ಲಿ 34 ಕೋಟಿ ನಮೂನೆಗಳು ಅಚ್ಚಾದವು. ಕಾಗದವೇ 8 ಸಾವಿರ ಟನ್. ಒಬ್ಬೊಬ್ಬರ ಪಾಲಿಗೆ ನೂರಿಪ್ಪತ್ತೈದು ನೂರೈವತ್ತು ಮನೆ. ಫೆಬ್ರವರಿಯ ಬಿಸಿಲಿನಲ್ಲಿ, ಪಾಠ ಮುಗಿಸಿ ಬಂದ ಟೀಚರು ಜಗಲಿಯ ಮೇಲೆ ಕೂತು ಒಬ್ಬೊಬ್ಬರ ಬಗ್ಗೆಯೂ 29 ಪ್ರಶ್ನೆ ಕೇಳಿದರು. ವಯಸ್ಸು ಗೊತ್ತಿಲ್ಲದ ಅಜ್ಜಿಯಿಂದ ಬರಗಾಲದ ವರ್ಷ ಹಿಡಿದು ಲೆಕ್ಕ ತೆಗೆದರು. 28ರ ರಾತ್ರಿ ಬಸ್‌ಸ್ಟ್ಯಾಂಡು, ರೈಲ್ವೆ ಪ್ಲಾಟ್‌ಫಾರ್ಮುಗಳಲ್ಲಿ ಮಲಗಿದ್ದವರ ಎಣಿಕೆ. ಬಂದ ಉತ್ತರ 121,08,54,977. ಖರ್ಚು 2,200 ಕೋಟಿ, ಅಂದರೆ ತಲೆಗೆ ಹದಿನೆಂಟು ರೂಪಾಯಿ ಚಿಲ್ಲರೆ. ಸರ್ಕಾರ ಇಷ್ಟು ಅಗ್ಗವಾಗಿ ಮಾಡುವ ಇನ್ನೊಂದು ಕೆಲಸ ನನಗೆ ಹೊಳೆಯುತ್ತಿಲ್ಲ.

‘ನಿಮ್ಮ ಮಾತೃಭಾಷೆ ಯಾವುದು’ ಎಂಬ ಒಂದೇ ಪ್ರಶ್ನೆಗೆ ದೇಶ 19,569 ಬಗೆಯ ಉತ್ತರ ಕೊಟ್ಟಿತು. ತಜ್ಞರು ಕೂತು ಅದನ್ನು 1,369 ಮಾತೃಭಾಷೆಗಳಿಗೆ ಇಳಿಸಿದರು. ಹತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಆಡುವ ಭಾಷೆಗಳೆಂದು ಗುಂಪು ಕಟ್ಟಿದಾಗ 121 ಉಳಿದವು. ಕನ್ನಡ 4.37 ಕೋಟಿ, ತುಳು 18.46 ಲಕ್ಷ, ಸಂಸ್ಕೃತ 24,821. ಭಾಷೆಗಳನ್ನು ಪಟ್ಟಿ ಮಾಡುವ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಸಂಸ್ಕೃತವಿದೆ, ತುಳು ಇಲ್ಲ. ತುಳುವನ್ನೂ ಸೇರಿಸಿ ಎಂಬ ಬೇಡಿಕೆಯ ಕಡತ ಇರುವುದೂ ಗೃಹ ಇಲಾಖೆಯಲ್ಲೇ.

2021ರಲ್ಲಿ ಆಗಬೇಕಿದ್ದ ಎಣಿಕೆ ಕೋವಿಡ್ಡಿನಿಂದ ತಪ್ಪಿತು. 1881ರಿಂದ ಹತ್ತು ವರ್ಷಕ್ಕೊಮ್ಮೆ, ಎರಡನೇ ಮಹಾಯುದ್ಧದ ನಡುವೆಯೂ ನಿಲ್ಲದೆ ಬಂದ ಸರಪಳಿ ಮೊದಲ ಸಲ ಕಡಿಯಿತು. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಗೊತ್ತುಮಾಡಿ ಇಲಾಖೆ 2025ರ ಜೂನ್ 16ರಂದು ಅಧಿಸೂಚನೆ ಹೊರಡಿಸಿತು. ಈ ಸಲ ಕಾಗದದ ಬದಲು ಮೊಬೈಲ್, ಪ್ರಶ್ನೆಗಳ ಜೊತೆಗೆ ಜಾತಿ, ಬೀದಿಗಿಳಿಯುವವರು 34 ಲಕ್ಷ ಎಂಬುದು ಆಗಿನ ಅಂದಾಜು.